ಎರಡೇ ವಾರಕ್ಕೆ ಬೇಸರ ಬರುವ ಹವ್ಯಾಸಗಳು

ಪ್ರಶ್ನೆ: ನಾನು ಗಂಗಾವತಿಯವಳು, ವಯಸ್ಸು 16. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೇನೆ. ಜೂನ್‌ನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಬೇಕು. ನನ್ನ ಗೆಳತಿಯರಿಗೆಲ್ಲ ಒಂದಲ್ಲ ಒಂದು ಹವ್ಯಾಸ ಇದೆ. ಒಬ್ಬಳು ಡಾನ್ಸ್ ಮಾಡಿ ರೀಲ್ಸ್ ಹಾಕುತ್ತಾಳೆ, ಇನ್ನೊಬ್ಬಳು ಮೆಹಂದಿ ಚೆನ್ನಾಗಿ ಬಿಡಿಸುತ್ತಾಳೆ. ನನಗೆ ಮಾತ್ರ ಯಾವುದೂ ಇಲ್ಲ. ಅಟ್ಟದ ಮೇಲಿದ್ದ ಅಣ್ಣನ ಗಿಟಾರ್ ಇಳಿಸಿ ಯೂಟ್ಯೂಬ್ ನೋಡಿ ಕಲಿಯಲು ಹೋದೆ, ಎರಡು ವಾರಕ್ಕೆ ಬಿಟ್ಟೆ. ಆಮೇಲೆ ಮಂಡಲ ಚಿತ್ರ ಶುರುಮಾಡಿದೆ, ಅದೂ ಅಷ್ಟೇ ದಿನ. ಈಗ ದಿನವಿಡೀ ಫೋನ್. ಅಪ್ಪ, ‘ಹವ್ಯಾಸ ಗಿವ್ಯಾಸ ಬಿಟ್ಟು ಪಿಯುಸಿ ಪುಸ್ತಕ ಹಿಡಿ’ ಎನ್ನುತ್ತಾರೆ. ನನಗೆ ಯಾವುದರಲ್ಲೂ ಆಸಕ್ತಿಯೇ ಇಲ್ಲವೇ? ನನ್ನಲ್ಲೇ ಏನಾದರೂ ಕೊರತೆ ಇದೆಯೇ? ಹೆಚ್ಚು ಖರ್ಚಿಲ್ಲದ, ಮನೆಯಿಂದ ದೂರ ಹೋಗಬೇಕಿಲ್ಲದ ಹವ್ಯಾಸ ಹುಡುಕಿಕೊಳ್ಳುವುದು ಹೇಗೆ?

ಉತ್ತರ: ತಂಗಿ, ನೇರ ಪ್ರಶ್ನೆಗೆ ಮೊದಲು ನೇರ ಉತ್ತರ. ನಿನ್ನಲ್ಲಿ ಯಾವ ಕೊರತೆಯೂ ಇಲ್ಲ. ಆಸಕ್ತಿಯೇ ಇಲ್ಲದ ಹುಡುಗಿ ಗಿಟಾರ್ ಬಿಟ್ಟ ಮೇಲೆ ಮಂಡಲ ಚಿತ್ರಕ್ಕೆ ಕೈ ಹಾಕುತ್ತಿರಲಿಲ್ಲ, ಅದನ್ನೂ ಬಿಟ್ಟ ಮೇಲೆ ಕೂತು ಪತ್ರ ಬರೆಯುತ್ತಿರಲಿಲ್ಲ. ನಿನ್ನ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಎರಡನ್ನೂ ನೀನು ಬಿಟ್ಟದ್ದು ಎರಡನೇ ವಾರದ ಆಸುಪಾಸಿನಲ್ಲಿ. ನನ್ನ ಹತ್ತಿರ ಸಮಾಲೋಚನೆಗೆ ಬರುವ ಹೈಸ್ಕೂಲು, ಕಾಲೇಜು ಮಕ್ಕಳಲ್ಲಿ ಬಹಳಷ್ಟು ಮಂದಿ ಕೈಬಿಡುವುದು ಇದೇ ಜಾಗದಲ್ಲಿ. ಹೊಸದರ ಹುರುಪು ಇಳಿದಿರುತ್ತದೆ, ಕೈಗೆ ವಿದ್ಯೆ ಇನ್ನೂ ಹತ್ತಿರುವುದಿಲ್ಲ. ಈ ನಡುವಿನ ದಿನಗಳಲ್ಲಿ ಯಾವ ಹವ್ಯಾಸವೂ ರುಚಿಸುವುದಿಲ್ಲ. ಆ ಬೇಸರವನ್ನೇ ಹಿಡಿದು ‘ಇದು ನನಗಲ್ಲ’ ಎಂದು ತೀರ್ಮಾನಿಸಿದರೆ ಮುಂದಿನದನ್ನೂ ಅಲ್ಲೇ ಬಿಡುತ್ತೀ.

ಗಿಟಾರನ್ನೇ ನೋಡು. ಮೊದಲ ವಾರ ಎರಡು ಮೂರು ಸುಲಭದ ಕಾರ್ಡ್, ಅಂದರೆ ಹಲವು ತಂತಿ ಒಟ್ಟಿಗೆ ನುಡಿಸುವ ಸ್ವರಗುಚ್ಛ, ಬರುತ್ತವೆ, ಖುಷಿಯಾಗುತ್ತದೆ. ಬೆರಳ ತುದಿ ಮಾತ್ರ ಉರಿಯುತ್ತಿರುತ್ತದೆ. ಅಲ್ಲಿಯ ಚರ್ಮ ಗಟ್ಟಿಯಾಗಲು ಕೆಲವು ವಾರ ಬೇಕು. ಅಷ್ಟರಲ್ಲಿ ವಿಡಿಯೊದಲ್ಲಿ ಎಫ್ ಕಾರ್ಡ್ ಬಂದುಬಿಡುತ್ತದೆ. ತೋರುಬೆರಳೊಂದನ್ನೇ ಆರೂ ತಂತಿಗಳ ಮೇಲೆ ಅಡ್ಡವಾಗಿ ಒತ್ತಿ ಹಿಡಿದು, ಉಳಿದ ಮೂರು ಬೆರಳಿನಲ್ಲಿ ಬೇರೆ ಬೇರೆ ತಂತಿ ಒತ್ತಬೇಕು. ಒಂದು ತಂತಿ ಸಡಿಲಾದರೂ ಸ್ವರ ಹೊರಡದೆ ಬರೀ ‘ಟಕ್’ ಎನ್ನುತ್ತದೆ. ಅದರ ಮೇಲೆ ನಿನ್ನದು ಅಟ್ಟದಿಂದ ಇಳಿಸಿದ ಗಿಟಾರ್. ತಂತಿ ತುಕ್ಕು ಹಿಡಿದಿರಬಹುದು, ಕುತ್ತಿಗೆ ಬಾಗಿ ತಂತಿಗಳು ಮೇಲೆದ್ದಿರಬಹುದು; ಅಂಥದರಲ್ಲಿ ಪಳಗಿದ ಕೈಯೂ ನೋಯುತ್ತದೆ. ಪಕ್ಕದಲ್ಲಿ ಕೂತು ‘ಹೆಬ್ಬೆರಳು ಸ್ವಲ್ಪ ಕೆಳಗೆ ತಾ’ ಎನ್ನುವವರು ಯಾರೂ ಇಲ್ಲ, ವಿಡಿಯೊದವನಿಗೆ ನಿನ್ನ ಕೈ ಕಾಣುವುದಿಲ್ಲ. ಇಷ್ಟೆಲ್ಲ ಕೂಡಿಕೊಂಡರೆ ಯಾರೂ ಬಿಡುತ್ತಾರೆ. ಸಂಗೀತ ನಿನಗೆ ಒಗ್ಗುವುದಿಲ್ಲ ಎನ್ನಲು ಇದರಲ್ಲಿ ಯಾವ ಸಾಕ್ಷಿಯೂ ಇಲ್ಲ.

2018ರಲ್ಲಿ ಪಾಲ್ ಓಕೀಫ್, ಕ್ಯಾರಲ್ ಡ್ವೆಕ್, ಗ್ರೆಗರಿ ವಾಲ್ಟನ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೊಂದು ನಿನ್ನ ಪ್ರಶ್ನೆಯನ್ನೇ ಕುರಿತದ್ದು. ಕಪ್ಪುಕುಳಿಗಳ ಬಗ್ಗೆ ಸೊಗಸಾದ ವಿಡಿಯೊ ಒಂದನ್ನು ತೋರಿಸಿದರು. ನೋಡಿದವರಿಗೆ ಇಷ್ಟವಾಯಿತು. ಆಮೇಲೆ ಅದೇ ವಿಷಯದ ಮೇಲಿನ ಕಠಿಣ ಲೇಖನ ಓದಲು ಕೊಟ್ಟರು. ಆಸಕ್ತಿ ಎಂಬುದು ನಮ್ಮೊಳಗೆ ಮೊದಲೇ ಇರುತ್ತದೆ, ಹುಡುಕಿ ತೆಗೆಯುವುದಷ್ಟೇ ಬಾಕಿ ಎಂದು ನಂಬಿದ್ದವರ ಉತ್ಸಾಹ ಲೇಖನ ಕೈಗೆ ಬಂದ ಕೂಡಲೇ ಹೆಚ್ಚು ಕುಸಿಯಿತು. ಆಸಕ್ತಿಯನ್ನು ಬೆಳೆಸಿಕೊಳ್ಳಬಹುದು ಎಂದುಕೊಂಡಿದ್ದವರದು ಅಷ್ಟಾಗಿ ಕುಸಿಯಲಿಲ್ಲ. ಮೊದಲಿನವರು ಕಷ್ಟ ಎದುರಾದಾಗ ‘ಹಾಗಾದರೆ ಇದು ನನ್ನದಲ್ಲ’ ಎಂದು ಓದಿಕೊಂಡರು. ನೀನು ಮಾಡಿಕೊಂಡಿರುವುದೂ ಇದೇ ಲೆಕ್ಕ.

ಇದಕ್ಕೂ ಮೊದಲು, 2006ರಲ್ಲಿ, ಸುಜಾನ್ ಹಿಡಿ ಮತ್ತು ಆನ್ ರೆನಿಂಜರ್ ಎಂಬ ಇಬ್ಬರು ಸಂಶೋಧಕಿಯರು ಆಸಕ್ತಿ ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆ ಎಂದು ವಿವರಿಸಿದ್ದರು. ಯಾವುದೋ ಒಂದು ಕಣ್ಣು ಸೆಳೆಯುವುದು ಮೊದಲನೆಯದು. ಹೊರಗಿನ ಆಸರೆಯಿಂದ ಅದು ಉಳಿದುಕೊಳ್ಳುವುದು ಎರಡನೆಯದು. ಆಸರೆ ಎಂದರೆ ಒಬ್ಬ ಗೆಳತಿ, ಒಬ್ಬ ಗುರು, ಒಂದು ಗೊತ್ತಾದ ಹೊತ್ತು. ಯಾರೂ ಹೇಳದಿದ್ದರೂ ನೀನಾಗಿ ಅದರ ಹತ್ತಿರ ಹೋಗುವುದು ಮೂರನೆಯದು. ಅದು ನಿನ್ನ ಸ್ವಭಾವವೇ ಆಗಿಬಿಡುವುದು ಕೊನೆಯದು. ನೀನು ಮೊದಲ ಹಂತದಿಂದ ಮೂರನೆಯದಕ್ಕೆ ಒಮ್ಮೆಲೇ ಜಿಗಿಯಲು ನೋಡಿದೆ. ನಡುವೆ ಬೇಕಾದ ಆಸರೆ ಇರಲಿಲ್ಲ.

ಇನ್ನೊಂದು ಸಂಗತಿ ನಿನ್ನ ವಯಸ್ಸಿಗೆ ಸೇರಿದ್ದು. ಡೇವಿಡ್ ಎಲ್ಕೈಂಡ್ ಎಂಬ ಮನೋವಿಜ್ಞಾನಿ 1967ರಲ್ಲೇ ಬರೆದರು: ಹದಿಹರೆಯದವರಿಗೆ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಎಂದು ಅನ್ನಿಸುತ್ತಿರುತ್ತದೆ, ಕಣ್ಣಿಗೆ ಕಾಣದ ಪ್ರೇಕ್ಷಕರು ಸದಾ ಎದುರಿಗಿರುತ್ತಾರೆ. ಅವರು ಇದನ್ನು ಬರೆದಾಗ ಆ ಪ್ರೇಕ್ಷಕರು ಬರೀ ಕಲ್ಪನೆಯವರು. ಈಗ ಫೋನ್ ತೆರೆದರೆ ಎಷ್ಟು ಮಂದಿ ನೋಡಿದರು ಎಂಬ ಲೆಕ್ಕವೇ ಸಿಗುತ್ತದೆ. ಹಾಗಾಗಿ ನಿನಗೆ ಹವ್ಯಾಸ ಎಂದ ಕೂಡಲೇ ನೆನಪಾದದ್ದು ಗೆಳತಿಯ ರೀಲ್ಸ್, ಇನ್ನೊಬ್ಬಳ ಮೆಹಂದಿ. ಎರಡೂ ಒಳ್ಳೆಯವೇ, ಎರಡರ ಬಗ್ಗೆಯೂ ನನಗೆ ಗೌರವವಿದೆ. ಆದರೆ ತೋರಿಸಲು ಬರುವಂಥದ್ದು ಮಾತ್ರ ಹವ್ಯಾಸ ಎಂದುಕೊಂಡರೆ ಮೊದಲ ದಿನದಿಂದಲೇ ಚೆನ್ನಾಗಿ ಮಾಡಬೇಕೆಂಬ ಒತ್ತಡ ಬೀಳುತ್ತದೆ, ಕಲಿಯುವವರು ಯಾರೂ ಮೊದಲ ದಿನ ಚೆನ್ನಾಗಿ ಮಾಡುವುದಿಲ್ಲ. ನೀನು ಯಾವುದನ್ನೇ ಆರಿಸಿಕೋ, ಮೊದಲ ಎರಡು ತಿಂಗಳು ಅದರ ಒಂದು ಫೋಟೊವನ್ನೂ ಸ್ಟೇಟಸ್‌ಗೆ ಹಾಕಬೇಡ. ನನ್ನ ಸಲಹೆಗಳಲ್ಲಿ ಮಕ್ಕಳು ಹೆಚ್ಚು ವಿರೋಧಿಸುವುದು ಇದನ್ನೇ. ಹೆಚ್ಚು ಉಪಯೋಗಕ್ಕೆ ಬರುವುದೂ ಇದೇ.

ಹಾಗಾದರೆ ಆರಿಸುವುದು ಹೇಗೆ? ‘ನನಗೆ ಏನಿಷ್ಟ’ ಎಂದು ಒಳಗೆ ಕೆದಕುತ್ತಾ ಕೂರಬೇಡ. ನಿನ್ನ ಮನೆಯ ಸುತ್ತ ಏನಿದೆ, ಈ ತಿಂಗಳಲ್ಲಿ ಏನು ಸಿಗುತ್ತದೆ, ಅದನ್ನು ಬಲ್ಲವರು ಒಬ್ಬರಾದರೂ ನಡೆದು ಹೋಗುವಷ್ಟು ದೂರದಲ್ಲಿದ್ದಾರೆಯೇ ಎಂದು ನೋಡು. ಆ ಮಟ್ಟಿಗೆ ನೀನು ಹುಟ್ಟಿದ ಊರು ಬಹಳ ಶ್ರೀಮಂತ.

ನಾನು ನಿನಗೆ ಮೊದಲು ಹೇಳುವುದು ಆಕಾಶ ನೋಡುವುದನ್ನು. ಮೇ ತಿಂಗಳಲ್ಲಿ ನಮ್ಮ ಕಡೆ ಮನೆಯೊಳಗೆ ನಿದ್ದೆ ಎಲ್ಲಿ ಬರುತ್ತದೆ? ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುವುದು ರಾಯಚೂರು, ಕೊಪ್ಪಳ, ಬಳ್ಳಾರಿಗಳಲ್ಲಿ ಇವತ್ತಿಗೂ ಇರುವ ರೂಢಿ. ಅವ್ವ, ಅಜ್ಜಿ, ತಮ್ಮ ಎಲ್ಲರೂ ಪಕ್ಕದಲ್ಲೇ ಇರುತ್ತಾರೆ, ಹೊರಗೆ ಹೋಗುವ ಪ್ರಶ್ನೆಯೇ ಇಲ್ಲ. ದುರ್ಬೀನು ಬೇಡ. ಚಂದ್ರ ಇಲ್ಲದ ರಾತ್ರಿಯನ್ನು ಆರಿಸಿಕೋ, ಫೋನ್ ಕೆಳಗೆ ಬಿಟ್ಟು ಬಾ, ಏಕೆಂದರೆ ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷವಾದರೂ ಬೇಕು, ಒಮ್ಮೆ ಪರದೆ ನೋಡಿದರೆ ಮತ್ತೆ ಮೊದಲಿನಿಂದ.

ರಾತ್ರಿ ಒಂಬತ್ತು, ಒಂಬತ್ತೂವರೆಗೆ ಉತ್ತರಕ್ಕೆ ಮುಖ ಮಾಡಿ ನಿಲ್ಲು. ಎತ್ತರದಲ್ಲಿ ಏಳು ನಕ್ಷತ್ರಗಳು ಮಗುಚಿದ ಸೌಟಿನಂತೆ ಕಾಣುತ್ತವೆ, ಅವೇ ಸಪ್ತರ್ಷಿಗಳು. ಸೌಟಿನ ಬಟ್ಟಲಿನ ಹೊರ ಅಂಚಿನ ಎರಡು ನಕ್ಷತ್ರಗಳು ಪುಲಹ ಮತ್ತು ಕ್ರತು. ಪುಲಹದಿಂದ ಕ್ರತುವಿಗೆ ಗೆರೆ ಎಳೆದು, ಅವೆರಡರ ನಡುವಿನ ದೂರದ ಐದು ಪಟ್ಟು ಮುಂದಕ್ಕೆ, ಅಂದರೆ ಕೆಳಕ್ಕೆ, ಹೋದರೆ ಧ್ರುವ. ಧ್ರುವ ಎಂದರೆ ಆಕಾಶದಲ್ಲೇ ಎಲ್ಲಕ್ಕಿಂತ ಹೊಳೆಯುವ ನಕ್ಷತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗೇನಿಲ್ಲ, ಅದರ ಹೊಳಪು ಸಾಧಾರಣ, ನಮ್ಮ ಕಡೆಯಂತೂ ಅದು ದಿಗಂತಕ್ಕೆ ತೀರಾ ಹತ್ತಿರ. ಎಷ್ಟು ಹತ್ತಿರ ಎಂದು ನೀನೇ ಅಳೆಯಬಹುದು. ಕೈಯನ್ನು ನೇರ ಚಾಚಿ ಮುಷ್ಟಿ ಹಿಡಿ. ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಧ್ರುವ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅದೇ ಆ ಊರಿನ ಅಕ್ಷಾಂಶ. ಗಂಗಾವತಿಯದು ಸುಮಾರು 15.4 ಡಿಗ್ರಿ, ಅಂದರೆ ಒಂದೂವರೆ ಮುಷ್ಟಿ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ನೀನು ಬಾಯಿಪಾಠ ಮಾಡಿದ ಅಕ್ಷಾಂಶವನ್ನು ಮಾಳಿಗೆಯ ಮೇಲೆ ನಿಂತು ನಿನ್ನ ಕೈಯಲ್ಲೇ ಅಳೆದಂತಾಯಿತು.

ಈಗ ಪೂರ್ತಿ ಹಿಂದಕ್ಕೆ ತಿರುಗಿ ದಕ್ಷಿಣ ನೋಡು. ಗುಡ್ಡವೋ ನೀರಿನ ಟ್ಯಾಂಕೋ ಅಡ್ಡ ಬಾರದಿದ್ದರೆ ಅಲ್ಲಿಯೂ ಒಂದೂವರೆ ಮುಷ್ಟಿ ಎತ್ತರದಲ್ಲಿ ನಾಲ್ಕು ನಕ್ಷತ್ರಗಳ ಪುಟ್ಟ ಶಿಲುಬೆಯಾಕಾರ ಕಾಣುತ್ತದೆ. ಅದು ತ್ರಿಶಂಕು. ದೆಹಲಿಯಲ್ಲಿರುವವರಿಗೆ ಅದು ಪೂರ್ತಿ ಕಾಣುವುದಿಲ್ಲ. ಲಂಡನ್ನಿನಲ್ಲಿ ಅದು ಹುಟ್ಟುವುದೇ ಇಲ್ಲ. ಆಸ್ಟ್ರೇಲಿಯಾದವರಿಗೆ ತ್ರಿಶಂಕು ನೆತ್ತಿಯ ಹತ್ತಿರವಿದ್ದರೂ ಧ್ರುವ ಸಿಗುವುದಿಲ್ಲ. ನಿನ್ನ ಮಾಳಿಗೆಯಿಂದ ಒಂದೇ ಹೊತ್ತಿನಲ್ಲಿ ಎರಡೂ ಕಾಣುತ್ತವೆ.

ಮರುದಿನ ಸಪ್ತರ್ಷಿಯ ಬಾಲದ ಬಾಗನ್ನು ಹಾಗೇ ಮುಂದುವರಿಸು, ಕಿತ್ತಳೆ ಛಾಯೆಯ ಸ್ವಾತಿ ಸಿಗುತ್ತದೆ. ಅದೇ ಬಾಗಿನಲ್ಲಿ ಇನ್ನೂ ಮುಂದೆ ಹೋದರೆ ಬಿಳಿಯ ಚಿತ್ತಾ. ಹತ್ತೂವರೆ ಹೊತ್ತಿಗೆ ಆಗ್ನೇಯದಲ್ಲಿ ಕೆಂಪಗೆ ಜ್ಯೇಷ್ಠಾ ಮೇಲೇರುತ್ತದೆ. ಇವುಗಳ ಹೆಸರನ್ನು ನಿಮ್ಮಜ್ಜಿಯ ಮುಂದೆ ಹೇಳಿ ನೋಡು. ‘ಮಿರಗ ಮಳಿ’, ‘ಆರಿದ್ರಾ ಮಳಿ’, ‘ಚಿತ್ತಿ ಮಳಿ’, ‘ಸ್ವಾತಿ ಮಳಿ’ ಎಂದು ಅವರು ಪಟ್ಟಿಯನ್ನೇ ಒಪ್ಪಿಸುತ್ತಾರೆ. 27 ಮಳೆ ನಕ್ಷತ್ರಗಳು ವರ್ಷವನ್ನು ಹದಿಮೂರು ಹದಿನಾಲ್ಕು ದಿನಗಳ ತುಂಡುಗಳಾಗಿ ಹಂಚಿಕೊಂಡಿವೆ. ಸೂರ್ಯ ಯಾವ ನಕ್ಷತ್ರದ ದಿಕ್ಕಿನಲ್ಲಿರುತ್ತಾನೋ ಅಷ್ಟು ದಿನ ಅದರ ಮಳೆ. ಜೂನ್ 8ರ ಸುಮಾರಿಗೆ ಮಿರಗ ಶುರುವಾಗುತ್ತದೆ, ಆದರೆ ಆ ದಿನಗಳಲ್ಲಿ ಮೃಗಶಿರಾ ನಕ್ಷತ್ರವನ್ನು ನೀನು ಎಷ್ಟು ಹುಡುಕಿದರೂ ಕಾಣುವುದಿಲ್ಲ. ಅದು ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತಿರುತ್ತದೆ. ಅದು ರಾತ್ರಿ ನೆತ್ತಿಯ ಮೇಲೆ ಬರುವುದು ಚಳಿಗಾಲದಲ್ಲಿ. ಅಜ್ಜಿಗೆ ಮಳೆ ಗೊತ್ತು, ನಿನಗೆ ನಕ್ಷತ್ರ ಗೊತ್ತಾಗುತ್ತದೆ. ಎರಡು ರಾತ್ರಿ ಇಬ್ಬರೂ ಕೂತು ಮಾತಾಡಿದರೆ ನಾನು ಮೇಲೆ ಹೇಳಿದ ಎರಡನೇ ಹಂತದ ಆಸರೆ ನಿನಗೆ ಮನೆಯಲ್ಲೇ ಸಿಕ್ಕಂತೆ.

ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೋ. ದಿನಾಂಕ, ಹೊತ್ತು, ಯಾವ ನಕ್ಷತ್ರ ಯಾವುದರ ನೇರಕ್ಕಿತ್ತು ಎಂದು ಬರೆ. ‘ಒಂಬತ್ತೂವರೆ, ಚಿತ್ತಾ ಪಕ್ಕದ ಮನೆ ಟ್ಯಾಂಕಿನ ಎಡ ಮೂಲೆಗೆ’ ಎನ್ನುವಷ್ಟು ಸಾಕು. ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಬೇಗ ಹುಟ್ಟುತ್ತವೆ. ಒಂದೆರಡು ದಿನಕ್ಕೆ ಏನೂ ತಿಳಿಯುವುದಿಲ್ಲ. ಹದಿನೈದನೇ ದಿನ ಅದೇ ಜಾಗದಲ್ಲಿ ನಿಂತು ನೋಡಿದಾಗ ಚಿತ್ತಾ ಒಂದು ಗಂಟೆಯ ದಾರಿ ಮುಂದೆ ಹೋಗಿರುತ್ತದೆ. ಉಳಿದ ನಕ್ಷತ್ರಗಳ ನಡುವೆ ಒಂದು ಚುಕ್ಕೆ ಮಾತ್ರ ಸ್ಥಳ ಬದಲಿಸಿದರೆ, ಹೊಳಪು ಮಿನುಗದೆ ಸ್ಥಿರವಾಗಿದ್ದರೆ, ಅದು ಗ್ರಹ. ಅದನ್ನು ಬೇರೆ ಬರೆದಿಡು. ಎರಡನೇ ವಾರದಲ್ಲೇ ಹೊಸದೊಂದು ಕಾಣಿಸುವ ಹವ್ಯಾಸ ಇದು, ನಿನಗೆ ಇದನ್ನೇ ಮೊದಲು ಹೇಳಲು ಅದೂ ಒಂದು ಕಾರಣ.

ಹಗಲಿಗೆ ಬೇಕಾದದ್ದು ಕಸೂತಿ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ನಮ್ಮೂರುಗಳಲ್ಲಿ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ. ಆ ಹೊತ್ತಿಗೆ ಹೇಳಿ ಮಾಡಿಸಿದ ಕೆಲಸ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಮೂಡಿಸುವ ಈ ಕಲೆಯಲ್ಲಿ ಇರುವುದು ನಾಲ್ಕೇ ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ನೂಲಿನ ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಗಂಟು ಹಾಕುವುದಿಲ್ಲ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಯುತ್ತಾ ಹೋಗಿ, ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬುತ್ತಾ ಬರಬೇಕು. ಮುಗಿದಾಗ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತದೆ. ಹೋಗುವಾಗ ಎಲ್ಲೋ ಒಂದು ಎಳೆ ತಪ್ಪಿ ಎಣಿಸಿದರೆ ಆಗ ಗೊತ್ತಾಗುವುದಿಲ್ಲ. ತಿರುಗಿ ಬರುವಾಗ ಗೋಪುರದ ಮೂಲೆ ಕೂಡುವುದಿಲ್ಲ. ಬಿಚ್ಚಿ ಅಲ್ಲಿಯವರೆಗೆ ಹಿಂದಕ್ಕೆ ಹೋಗಬೇಕು.

ಈ ಬಿಚ್ಚುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಫೋನಿನಲ್ಲಿ ತಪ್ಪಿದರೆ ಅಳಿಸಿ ಮುಂದೆ ಹೋಗುತ್ತೇವೆ. ಇಲ್ಲಿ ತಪ್ಪು ಯಾವ ಎಳೆಯಲ್ಲಾಯಿತು ಎಂದು ಬೆರಳಿನಲ್ಲಿ ಹುಡುಕಿ ತೆಗೆಯಬೇಕು, ತೆಗೆದ ಮೇಲೆ ಅದು ಖಂಡಿತ ಸರಿಹೋಗುತ್ತದೆ. ಹದಿನಾರರ ವಯಸ್ಸಿಗೆ ಇಂಥ ಅನುಭವ ಬೇಕು. ನೂಲು ಎಣಿಸಲು ಬರುವಷ್ಟು ದಪ್ಪ ನೇಯ್ಗೆಯ ಬಟ್ಟೆ, ಬಣ್ಣದ ದಾರ, ಒಂದು ಸೂಜಿ ಇಷ್ಟು ಸಾಕು, ಖರ್ಚು ಹೆಚ್ಚಾಗುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಮ್ಯಾಟಿ ಬಟ್ಟೆ ಎಂದು ಕೇಳು. ಕಸೂತಿ ಬಲ್ಲ ಅಜ್ಜಿಯರು ಓಣಿಗೊಬ್ಬರಾದರೂ ಇರುತ್ತಾರೆ, ಅವರಿಗೆ ಕೇಳುವವರು ಸಿಗದೇ ಇರುವುದೇ ಹೆಚ್ಚು. ‘ಅಮ್ಮಾ, ಗವಂತಿ ಹೇಳಿಕೊಡ್ರಿ’ ಎಂದು ಹೋಗಿ ಕೂತರೆ ಯಾರೂ ಬೇಡ ಎನ್ನುವುದಿಲ್ಲ. ಸಂಡೂರಿನ ಕಡೆಯವರಾದರೆ ಲಂಬಾಣಿ ಕಸೂತಿ ಇದೆ, ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದದ್ದು. ಕನ್ನಡಿ, ಕವಡೆ ಕೂರಿಸುವ ಆ ಕೆಲಸದ ವರಸೆಯೇ ಬೇರೆ.

ಜೂನ್ ಕಳೆದು ಮೋಡ ಮುಚ್ಚಿದ ಮೇಲೆ ನಕ್ಷತ್ರ ಕಾಣುವುದಿಲ್ಲ. ಆಗ ಕಾಲುವೆಗೆ ನೀರು ಬಂದು ಗದ್ದೆಗಳಲ್ಲಿ ನಾಟಿ ಶುರುವಾಗುತ್ತದೆ, ಗೀಜಗ ಗೂಡು ಕಟ್ಟಲು ತೊಡಗುತ್ತದೆ. ಈಚಲು ಮರದ ಗರಿಯ ತುದಿಗೋ ಜಾಲಿಯ ಕೊಂಬೆಗೋ, ಸಾಮಾನ್ಯವಾಗಿ ನೀರಿನ ಹತ್ತಿರ. ಗಂಡು ಹಕ್ಕಿ ಭತ್ತದ, ಹುಲ್ಲಿನ ಗರಿಯ ಅಂಚನ್ನು ಕೊಕ್ಕಿನಿಂದ ಕಚ್ಚಿ ಉದ್ದಕ್ಕೆ ಸೀಳಿ ತಂದು ನೇಯುತ್ತದೆ. ಗೂಡು ಅರ್ಧವಾದಾಗ ಹೆಣ್ಣು ಬಂದು ನೋಡುತ್ತದೆ. ಒಪ್ಪಿದರೆ ಮಾತ್ರ ಉಳಿದ ಅರ್ಧ, ಆ ಉದ್ದನೆಯ ಕೊಳವೆ ಬಾಗಿಲು. ಒಪ್ಪದಿದ್ದರೆ ಅರ್ಧಕ್ಕೇ ಬಿಟ್ಟ ಗೂಡುಗಳು ಅದೇ ಮರದಲ್ಲಿ ನೇತಾಡುತ್ತಿರುತ್ತವೆ. ಒಂದೇ ಮರವನ್ನು ವಾರಕ್ಕೊಮ್ಮೆ ದೂರದಿಂದ ನೋಡಿ, ಎಷ್ಟು ಅರ್ಧ ಗೂಡು, ಎಷ್ಟು ಪೂರ್ತಿ ಗೂಡು ಎಂದು ಬರೆದಿಟ್ಟರೆ ಅದು ನಿಜವಾದ ಕ್ಷೇತ್ರಾಧ್ಯಯನವೇ. ಗೂಡು ಮುಟ್ಟಬಾರದು, ಕೀಳಬಾರದು. ಹಕ್ಕಿ ಗುರುತಿಸಲು ಮೊದಲು ಗಾತ್ರ ಬರೆ: ಗುಬ್ಬಿಯಷ್ಟೇ, ಗೊರವಂಕದಷ್ಟೇ, ಕಾಗೆಯಷ್ಟೇ. ಆಮೇಲೆ ಕೊಕ್ಕು, ಆಮೇಲೆ ಬಣ್ಣ. ಬಣ್ಣದಿಂದ ಶುರುಮಾಡಿದವರು ಬೇಗ ಗೊಂದಲಕ್ಕೆ ಬೀಳುತ್ತಾರೆ. ಪ್ರತಿ ಫೆಬ್ರವರಿಯಲ್ಲಿ ಜಗತ್ತಿನಾದ್ಯಂತ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಎಣಿಕೆಗೆ 15 ನಿಮಿಷ ನೋಡಿದ ಪಟ್ಟಿಯನ್ನೂ ಕಳಿಸಬಹುದು, ಇಬರ್ಡ್ ಎಂಬ ಆ್ಯಪ್‌ನಲ್ಲಿ. ಚಳಿಗಾಲದಲ್ಲಿ ಅಪ್ಪನ ಜೊತೆ ತುಂಗಭದ್ರಾ ಹಿನ್ನೀರಿನ ಕಡೆ ಹೋದರೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನೂ ನೋಡಬಹುದು.

ಓದು ಇಷ್ಟವಿದ್ದರೆ ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿ ಕಲಿ. ಅಕ್ಷರಗಳು ಸರಳ: ‘ಕ’ ಎಂದರೆ ಗಣಿತದ ಕೂಡಿಸುವ ಚಿಹ್ನೆ, ‘ಠ’ ಎಂದರೆ ಒಂದು ವೃತ್ತ, ‘ಥ’ ಎಂದರೆ ನಡುವೆ ಚುಕ್ಕೆಯಿಟ್ಟ ವೃತ್ತ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಇದನ್ನು ಓದಿದ ಮೇಲೂ ಶಾಸನಗಳಲ್ಲಿ ಸಿಗುತ್ತಿದ್ದುದು ‘ದೇವಾನಾಂಪಿಯ’ (ದೇವತೆಗಳಿಗೆ ಪ್ರಿಯ) ಎಂಬ ಬಿರುದು ಮಾತ್ರ, ಅರಸನ ಹೆಸರಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಗುರುತಿಸಿದ ಶಾಸನದಲ್ಲಿ ಅಶೋಕನ ಹೆಸರೇ ಇತ್ತು. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಂನಲ್ಲೂ ಆ ಹೆಸರು ಸಿಕ್ಕಿತು. ನಿನ್ನ ಜಿಲ್ಲೆಯಲ್ಲೇ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ, ಅಶೋಕನ ಎರಡು ಶಾಸನಗಳಿವೆ. ಗವಿಸಿದ್ಧೇಶ್ವರ ಜಾತ್ರೆಗೆ ಹೋಗುವ ಲಕ್ಷಾಂತರ ಜನರಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಾರು? ಒಂದು ಬೇಸಿಗೆಯ ಕೆಲಸ ಅದು.

ಕಿನ್ನಾಳದ ಗೊಂಬೆ ಕೆಲಸ, ತೊಗಲು ಗೊಂಬೆಯಾಟ ಇವೂ ನಿನ್ನ ಸುತ್ತಲೇ ಇವೆ. 2025ರಲ್ಲಿ ಪದ್ಮಶ್ರೀ ಪಡೆದ ತೊಗಲು ಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಕೊಪ್ಪಳ ಜಿಲ್ಲೆಯವರೇ. ಆದರೆ ಆ ಮನೆತನಗಳಿಗೆ ಅದು ಹವ್ಯಾಸವಲ್ಲ, ತಲೆತಲಾಂತರದ ಬದುಕು. ಕಲಿಯಲು ಹೋದರೆ ಅವರ ಹೊತ್ತಿಗೆ, ಅವರ ದುಡಿಮೆಗೆ ಬೆಲೆ ಕೊಟ್ಟು ಕಲಿ. ಅಡುಗೆ, ಗಿಡ ಬೆಳೆಸುವುದು, ಚೆಸ್ ಇವುಗಳ ಬಗ್ಗೆ ನಾನು ಹೇಳಬೇಕಿಲ್ಲ, ನಿನಗೇ ಗೊತ್ತು.

ಇಷ್ಟು ಓದಿ ಎಲ್ಲವನ್ನೂ ಒಟ್ಟಿಗೆ ಶುರುಮಾಡಬೇಡ. ಒಂದನ್ನು ಆರಿಸಿ ಆರು ವಾರ ಕೊಡು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಅರ್ಧ ಗಂಟೆ, ಹೊತ್ತು ಮಾತ್ರ ಗೊತ್ತಾಗಿರಲಿ. ಎರಡನೇ, ಮೂರನೇ ವಾರ ಬೇಸರ ಬರುತ್ತದೆ ಎಂದು ಈಗಲೇ ನೋಟ್‌ಬುಕ್ಕಿನ ಆ ದಿನಾಂಕದ ಪುಟದಲ್ಲಿ ಬರೆದಿಡು. ಬಂದಾಗ ಗಾಬರಿಯಾಗುವುದಿಲ್ಲ. ಆ ದಿನಗಳಲ್ಲಿ ಹೆಚ್ಚು ಕಷ್ಟದ್ದನ್ನು ಮುಟ್ಟದೆ ಬಂದಷ್ಟನ್ನೇ ಮತ್ತೆ ಮಾಡು. ಆರು ವಾರವಾದ ಮೇಲೂ ಅದರ ಹತ್ತಿರ ಹೋಗಲು ಮನಸ್ಸೇ ಬಾರದಿದ್ದರೆ ಬಿಡು, ನಾಚಿಕೆಪಡಬೇಕಾದ್ದು ಏನೂ ಇಲ್ಲ. ಹಾಗೆ ತಿಳಿದು ಬಿಟ್ಟವಳಿಗೆ ತನಗೆ ಯಾವುದು ಒಗ್ಗಲಿಲ್ಲ, ಏಕೆ ಒಗ್ಗಲಿಲ್ಲ ಎಂದು ಹೇಳಲು ಬರುತ್ತದೆ. ಗಿಟಾರ್ ಮೇಲೆ ಈಗಲೂ ಮನಸ್ಸಿದ್ದರೆ ತಂತಿ ಬದಲಾಯಿಸಿ, ಎದುರು ಕೂತು ಕಲಿಸುವ ಒಬ್ಬರನ್ನು ಹುಡುಕಿಕೊಂಡು ಮತ್ತೆ ಹಿಡಿ.

ಮುಂದಿನದನ್ನು ನಿಮ್ಮಪ್ಪನಿಗೆ ಓದಿ ಹೇಳು. ಅವರ ಆತಂಕ ಸುಳ್ಳಲ್ಲ. ಎಸ್ಸೆಸ್ಸೆಲ್ಸಿಯಿಂದ ಪಿಯುಸಿ ವಿಜ್ಞಾನಕ್ಕೆ ಹೋಗುವುದು ದೊಡ್ಡ ಮೆಟ್ಟಿಲು. ಆದರೆ ಈಗ ಹೋಗುತ್ತಿರುವ ಹೊತ್ತು ಪುಸ್ತಕದಿಂದ ಹೋಗುತ್ತಿಲ್ಲ, ಫೋನಿಗೆ ಹೋಗುತ್ತಿದೆ. ಫೋನ್ ಕಿತ್ತುಕೊಂಡು ಆ ಜಾಗವನ್ನು ಖಾಲಿ ಬಿಟ್ಟರೆ ಮಕ್ಕಳು ಪುಸ್ತಕ ಹಿಡಿಯುವುದಿಲ್ಲ. ಮತ್ತೆ ಫೋನ್ ಹುಡುಕುತ್ತಾರೆ. ಇನ್ನೊಂದು ವಿನಂತಿ, ಮಗಳ ಹವ್ಯಾಸಕ್ಕೆ ಬಹುಮಾನದ ಆಸೆ ಕಟ್ಟಬೇಡಿ. 1973ರಲ್ಲಿ ಮಾರ್ಕ್ ಲೆಪರ್ ಮತ್ತು ಜೊತೆಗಾರರು ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದು ಅವರಿಗೆ ಮೊದಲೇ ಇಷ್ಟವಿತ್ತು. ಬರೆದರೆ ಪ್ರಶಸ್ತಿ ಪತ್ರ ಕೊಡುತ್ತೇವೆ ಎಂದು ಕೆಲವರಿಗೆ ಮೊದಲೇ ಹೇಳಿ ಬರೆಯಿಸಿದರು. ಕೆಲ ದಿನಗಳ ನಂತರ ನೋಡಿದರೆ ಆ ಮಕ್ಕಳೇ ಉಳಿದವರಿಗಿಂತ ತುಂಬಾ ಕಡಿಮೆ ಹೊತ್ತು ಆ ಪೆನ್ನುಗಳನ್ನು ಮುಟ್ಟುತ್ತಿದ್ದರು. ‘ಇದರಿಂದ ಏನು ಲಾಭ’, ‘ಸ್ಪರ್ಧೆಗೆ ಹೋಗು’ ಎನ್ನುವ ಬದಲು ಒಂದು ರಾತ್ರಿ ಮಾಳಿಗೆಯ ಮೇಲೆ ಮಗಳ ಪಕ್ಕದಲ್ಲಿ ನಿಂತು ‘ಧ್ರುವ ಎಲ್ಲೈತಿ, ತೋರಿಸವ್ವ’ ಎಂದು ಕೇಳಿ.

ತಂಗಿ, ಇನ್ನೊಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಹೊಸದರಲ್ಲಿ ಬೇಸರ ಬರುವುದು ಸಹಜ. ಆದರೆ ಮೊದಲು ಇಷ್ಟವಿದ್ದ ಊಟ, ಗೆಳತಿಯರು, ಟಿವಿ, ಹಬ್ಬ ಯಾವುದೂ ಬೇಡವೆನಿಸಿ, ನಿದ್ದೆ, ಹಸಿವು ಕೆಟ್ಟು, ಎರಡು ವಾರಕ್ಕಿಂತ ಹೆಚ್ಚು ದಿನ ಹಾಗೇ ಇದ್ದರೆ ಅದು ಹವ್ಯಾಸದ ಪ್ರಶ್ನೆಯಲ್ಲ, ಖಿನ್ನತೆ ಇರಬಹುದು. ಅವ್ವನಿಗೆ ಹೇಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ನಿನ್ನ ಪತ್ರ ಓದಿದರೆ ನಿನಗೆ ಹಾಗಾಗಿದೆ ಎಂದು ಅನ್ನಿಸುವುದಿಲ್ಲ, ಆದರೂ ಗೊತ್ತಿರಲಿ. ನಿನ್ನ ಗೆಳತಿಯರಲ್ಲಿ ಯಾರಿಗಾದರೂ ಬೇಕಾದೀತು.

ಕಾಲೇಜು ಶುರುವಾದ ಮೇಲೆ ಮೊದಲ ತಿಂಗಳು ಹವ್ಯಾಸವನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸು, ಪೂರ್ತಿ ನಿಲ್ಲಿಸಬೇಡ. ಬೆಳಿಗ್ಗೆ ಟ್ಯೂಷನ್ ಇದ್ದರೆ ಭಾನುವಾರ ಇಟ್ಟುಕೋ. ಪರೀಕ್ಷೆಯ ತಿಂಗಳು ಬೇಕಾದರೆ ಬಿಡು. ಬಿಡುವ ದಿನವೇ ಮತ್ತೆ ಶುರುಮಾಡುವ ದಿನಾಂಕವನ್ನು ನೋಟ್‌ಬುಕ್ಕಿನಲ್ಲಿ ಬರೆದು ಮುಚ್ಚಿಡು. ಕಸೂತಿಯಾದರೆ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಡಬೇಡ, ಮಳೆಗಾಲದ ತೇವಕ್ಕೆ ತುಕ್ಕು ಕಲೆ ಬಿದ್ದರೆ ಹೋಗುವುದಿಲ್ಲ.